ನೆಲ ಕಾಣುವ ಕೆಲಸ

ಮರೋಳ್, ಮುಂಬೈ
11 ಆಗಸ್ಟ್ 2024

ಅಮ್ಮ,

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕಳೆದ ಸಲ ಊರಿಗೆ ಬಂದಾಗ ನೀನು ಅಂಚೆ ಕಚೇರಿಯ ಮೇಜಿನ ಹಿಂದೆ ಕೂತು, ಎಟಿಎಂ ಕಾರ್ಡು ಮತ್ತು ಬ್ಯಾಂಕಿನ ನೋಟಿಸು ಬಿಟ್ಟರೆ ಈ ಚೀಲದಲ್ಲಿ ಏನೂ ಬರುವುದಿಲ್ಲ, ಕೈಯಲ್ಲಿ ಬರೆದದ್ದು ಒಂದಾದರೂ ಬರಲಿ ಎಂದಿದ್ದೆ. ದೊಡ್ಡ ವಿಷಯವೆಲ್ಲ ಕಾಗದದಲ್ಲಿ ಎಂದು ಮಾತು ಕೊಟ್ಟಿದ್ದೇನೆ. ಇದು ದೊಡ್ಡ ವಿಷಯ.

ಎರಡು ವಿದೇಶಿ ವಿಮಾನ ಕಂಪನಿಗಳಿಂದ ನನಗೆ ಕರೆ ಬಂದಿದೆ. ಎರಡರಲ್ಲೂ ಈಗಿನ ಸಹಪೈಲಟ್ ಕೆಲಸವೇ, ಕ್ಯಾಪ್ಟನ್‌ರ ಬಲಗಡೆಯ ಕುರ್ಚಿ.

ಮೊದಲನೆಯದು ಕೊಲ್ಲಿಯದು. ಐದು ವರ್ಷದ ಕರಾರು. ಸಂಬಳ ಈಗಿನ ಮೂರರಷ್ಟು, ತೆರಿಗೆ ಇಲ್ಲ. ಇಪ್ಪತ್ತೊಂದನೆಯ ಮಹಡಿಯಲ್ಲಿ ಕಂಪನಿಯದೇ ಮನೆ. ದೊಡ್ಡ ವಿಮಾನ, ಒಂದೊಂದು ಹಾರಾಟ ಹದಿನಾಲ್ಕು ತಾಸಿನದು. ವರ್ಷಕ್ಕೊಮ್ಮೆ ಊರು.

ಎರಡನೆಯದು ವಿಯೆಟ್ನಾಮಿನ ಡಾ ನಾಂಗ್ ಎಂಬ ಊರು. ಎರಡು ವರ್ಷದ ಕರಾರು. ಆಮೇಲೆ ಅವರಿಗೆ ಬೇಕೆನಿಸಿದರೆ ಇನ್ನೆರಡು. ಸಂಬಳ ಈಗಿನ ಎರಡರಷ್ಟು, ಅದೂ ಹಾರಿದ ತಾಸಿನ ಲೆಕ್ಕದಲ್ಲಿ. ಮನೆ ನಾನೇ ಹುಡುಕಬೇಕು. ಕಾಯಿಲೆ ಬಿದ್ದರೆ ಎರಡು ತಿಂಗಳ ನಂತರ ಏನೂ ಇಲ್ಲ. ಆದರೆ ಇಪ್ಪತ್ತು ದಿನ ದುಡಿದರೆ ಹತ್ತು ದಿನ ಮನೆಗೆ ಬರಬಹುದು, ಟಿಕೆಟ್ ಅವರದು.

ಆ ಊರುಗಳಲ್ಲಿ ಇರುವವರನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಖರ್ಚು ಬರೆಯುತ್ತಿದ್ದೇನೆ. ಕೊಲ್ಲಿಯಲ್ಲಿ ಕೂದಲು ಕತ್ತರಿಸುವುದಕ್ಕೆ ಎರಡು ಸಾವಿರ ರೂಪಾಯಿ. ಬಂಗುಡೆ ಸಿಗುತ್ತದೆ, ಆದರೆ ಕಲ್ಲಿನಂತೆ ಹೆಪ್ಪುಗಟ್ಟಿದ್ದು. ಡಾ ನಾಂಗ್‌ನಲ್ಲಿ ಬಾಡಿಗೆ ಇಲ್ಲಿಯ ಅರ್ಧ, ಮೀನು ಬುಟ್ಟಿಯಲ್ಲಿ ಇನ್ನೂ ಹೊರಳಾಡುತ್ತಿರುತ್ತದಂತೆ. ಎರಡು ಪುಟ ತುಂಬಿದರೂ ಯಾವ ಕಡೆ ತೂಗುತ್ತದೆ ಎಂದು ತಿಳಿಯುತ್ತಿಲ್ಲ.

ಒಂದು ತೊಡಕಿದೆ. ನಾನು ಓಡಿಸುತ್ತಿರುವ ವಿಮಾನದ ತರಬೇತಿಗೆ ಈಗಿನ ಕಂಪನಿ ದುಡ್ಡು ಹಾಕಿದೆ. ಅದಕ್ಕಾಗಿ ಮುಂದಿನ ವರ್ಷದ ಅಕ್ಟೋಬರ್‌ವರೆಗೆ ಇಲ್ಲೇ ದುಡಿಯುತ್ತೇನೆಂದು ಬಾಂಡ್ ಬರೆದುಕೊಟ್ಟಿದ್ದೇನೆ. ಮೊದಲೇ ಬಿಟ್ಟರೆ ಒಂಬತ್ತು ಲಕ್ಷ ಕಟ್ಟಬೇಕು. ಹೊಸ ಕಂಪನಿಗಳಿಗೆ ಈ ನವೆಂಬರ್ ಹದಿನೈದರೊಳಗೆ ಸಹಿ ಬೇಕು.

ಅಪ್ಪಯ್ಯನಿಗೆ ಓದಿ ಹೇಳು. ಬಾಂಡಿನ ಸಾಲುಗಳನ್ನು ಬಿಟ್ಟು ಓದು.

ನಿನ್ನ
ನವ್ಯಶ್ರೀ

*

ಕಿರಿಮಂಜೇಶ್ವರ
22 ಆಗಸ್ಟ್ 2024

ನವ್ಯ,

ನಿನ್ನ ಪತ್ರಕ್ಕೆ ನಾನೇ ಮೊಹರು ಒತ್ತಿ, ನಾನೇ ನನಗೆ ಕೊಟ್ಟುಕೊಂಡೆ. ಒಡೆಯುವಾಗ ಕೈ ಸ್ವಲ್ಪ ತಡೆಯಿತು.

ಬಾಂಡಿನ ಸಾಲುಗಳನ್ನೂ ಓದಿದೆ. ಇಪ್ಪತ್ತಾರು ವರ್ಷ ಕಾಗದ ಹಂಚಿದ್ದೇನೆ, ಬಂದದ್ದನ್ನು ಅರ್ಧ ತಲುಪಿಸುವ ಅಭ್ಯಾಸ ನನಗಿಲ್ಲ.

ಅಪ್ಪಯ್ಯ ಜಗಲಿಯಲ್ಲಿ ಬಲೆಯ ಹರಕು ಕಟ್ಟುತ್ತಿದ್ದರು. ಬ್ರಹ್ಮಾವರದ ಡಾಕ್ಟರು ಮೊಣಕಾಲಿಗೆ ವಿಶ್ರಾಂತಿ ಹೇಳಿ ನಾಲ್ಕು ವರ್ಷವಾಯಿತು. ಅಂದಿನಿಂದ ದೋಣಿ ನಿನ್ನ ಅತ್ತೆಯ ಮಗ ಗೋಪಿಯ ಕೈಯಲ್ಲಿದೆ, ಬಲೆ ಇವರ ಕೈಯಲ್ಲಿದೆ. ಗೋಪಿಯೂ ಕೂತು ಕೇಳಿದ. ಕೊಲ್ಲಿಯ ಕರಾರು ಓದಿದಾಗ ಅವನಿಗೆ ನಗು.

"ಹ್ವಾಯ್ ಮಾವ, ಹದ್ನಾಲ್ಕ್ ತಾಸ್ ಒಂದೇ ಕುರ್ಚಿಯಗೆ ಕೂಕಂಬುದಂಬ್ರ್! ನಮ್ಗ್ ಬೀಡಿ ಸೇದುಕಾರೂ ಏಳ್ಕಾತ್ತ್."

"ನೀ ಕೂಕಂಡ್ರೆ ವಿಮಾನ ಹಿಂದೆ ಹೋತ್ತ್," ಎಂದರು ಇವರು.

ಸಂಬಳ ಓದಿದೆ, ಮನೆ ಓದಿದೆ, ಕೂದಲಿನ ಎರಡು ಸಾವಿರ ಓದಿದೆ. ಗೋಪಿ ತನ್ನ ಬೋಳುತಲೆ ಸವರಿಕೊಂಡು ತನಗೆ ಕೊಲ್ಲಿಯೇ ಲಾಭ ಎಂದ. ಇವರು ಬಲೆಯಿಂದ ಕಣ್ಣೆತ್ತಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದ್ದು ಒಂದೇ ಮಾತು.

"ಯಾವ ಕೆಲ್ಸದಗೆ ನೆಲ ಕಾಂತ್?"

ನನಗೆ ಅರ್ಥವಾಗಲಿಲ್ಲ. "ಹಾರುವತಿಗೆ ನೆಲ ಕಾಂತಾ ಇಲ್ಯಾ ಅಂದ್ ಕೇಣ್," ಎಂದರು. ಹಾಗೆಯೇ ಬರೆದಿದ್ದೇನೆ. ನೀನೇ ಉತ್ತರ ಕೊಡು.

ಬಾಂಡಿನ ಬಗ್ಗೆ ಮಾತ್ರ ಅವರಿಗೆ ಯಾವ ಸಂಶಯವೂ ಇಲ್ಲ. ನಿನಗೆ ಗೊತ್ತಲ್ಲ, ಮಳೆಗಾಲ ಕಳೆದು ಕಡಲಿಗಿಳಿಯುವ ಮೊದಲು ದೋಣಿಯ ಯಜಮಾನ ಆಳುಗಳಿಗೆ ಮುಂಗಡ ಕೊಡುತ್ತಾನೆ. ತೆಗೆದುಕೊಂಡವನು ಆ ಹಂಗಾಮು ಮುಗಿಯುವವರೆಗೆ ಅದೇ ದೋಣಿಯವನು. ನಡುವೆ ಇಳಿದುಹೋದವನನ್ನು ಗಂಗೊಳ್ಳಿಯಲ್ಲಿ ಯಾರೂ ಹತ್ತಿಸಿಕೊಳ್ಳುವುದಿಲ್ಲ. "ಮುಂಗಡ ತಕಂಡ್ ದೋಣಿ ಬಿಡುಕಾಗ. ಬಿಡುದಾರೆ ತಿರ್ಗ್ ಕೊಟ್ಟೇ ಬಿಡ್ಕ್," ಎಂದರು. ನಿನ್ನದು ಲಿಮಿಟೆಡ್ ಕಂಪನಿ, ಅಲ್ಲಿ ವಕೀಲರಿರುತ್ತಾರೆ ಎಂದೆಲ್ಲ ಹೇಳಿ ನೋಡಿದೆ. ಬಲೆಯ ಗಂಟು ಬಿಗಿಯಾಯಿತು, ಅಷ್ಟೇ.

ಊಟ ಬಿಡಬೇಡ.

ಕುಸುಮ
(ಅಮ್ಮ ಎಂದು ಬರೆಯುವ ಬದಲು ಅಭ್ಯಾಸದಿಂದ ಸಹಿ ಹಾಕಿದೆ. ಇರಲಿ.)

*

ಡಾ ನಾಂಗ್
15 ಸೆಪ್ಟೆಂಬರ್ 2024

ಅಮ್ಮ,

ಪರೀಕ್ಷೆಗೆ ಬಂದಿದ್ದೇನೆ. ಕೊಲ್ಲಿಯವರದು ಹತ್ತು ದಿನದ ಹಿಂದೆ ಮುಗಿಯಿತು. ಎರಡರಲ್ಲೂ ಪಾಸು.

ಅಪ್ಪಯ್ಯನ ಪ್ರಶ್ನೆಯನ್ನು ಇಬ್ಬರಲ್ಲೂ ಕೇಳಿದೆ. ಕೊಲ್ಲಿಯ ಕ್ಯಾಪ್ಟನ್ ತಮಾಷೆ ಎಂದುಕೊಂಡರು. ಏರಿದ ಅರ್ಧ ತಾಸಿನ ಮೇಲೆ ಕಾಣುವುದು ಮೋಡ, ಮರಳು, ನೀರು, ಅಷ್ಟೂ ಹೊತ್ತು ಎದುರಿಗೆ ಪರದೆಯ ಅಂಕಿಗಳು. ಇಲ್ಲಿಯವರು ತಮಾಷೆ ಎಂದುಕೊಳ್ಳಲಿಲ್ಲ. ಇಲ್ಲಿಯದು ಒಂದು, ಒಂದೂವರೆ ತಾಸಿನ ಹಾರಾಟ. ಉತ್ತರಕ್ಕೆ ಹೋದರೂ ದಕ್ಷಿಣಕ್ಕೆ ಹೋದರೂ ಒಂದು ಬದಿಗೆ ಕರಾವಳಿ ಇದ್ದೇ ಇರುತ್ತದೆ. ಒಳಗೆ ಬೆಟ್ಟ, ಹೊರಗೆ ಕಡಲು, ನಡುವೆ ತೆಳ್ಳಗಿನ ಭತ್ತದ ಗದ್ದೆ. ನಮ್ಮೂರ ಪಕ್ಕದ ಬಿಜೂರಿನ ಮೇಲೆ ಹಾರಿದರೆ ಹೀಗೇ ಕಂಡೀತು.

ಇವತ್ತು ಬೆಳಿಗ್ಗೆ ದಂಡೆಗೆ ಹೋಗಿದ್ದೆ. ಇಲ್ಲಿಯ ದೋಣಿ ದುಂಡಗಿನ ಬುಟ್ಟಿ, ಬಿದಿರಿನದು. ಅದರಲ್ಲಿ ಒಬ್ಬ ಮುದುಕ ದೂರ ಹೋಗಿ, ಹುಟ್ಟು ನಿಲ್ಲಿಸಿ, ನೀರನ್ನು ನೋಡದೆ ತಿರುಗಿ ನೆಲವನ್ನೇ ನೋಡುತ್ತಿದ್ದ. ಬೆಟ್ಟ ನೋಡಿದ, ದೀಪಸ್ತಂಭ ನೋಡಿದ, ಸ್ವಲ್ಪ ಜರುಗಿದ, ಮತ್ತೆ ನೋಡಿದ. ಆಮೇಲೆ ಗಾಳ ಬಿಟ್ಟ. ಇಷ್ಟು ದೂರದಲ್ಲಿ ಯಾರೋ ಅಪ್ಪಯ್ಯನ ಹಾಗೆಯೇ ಕುತ್ತಿಗೆ ತಿರುಗಿಸುತ್ತಿದ್ದಾರೆ.

ನನ್ನ ಕೆಲಸದ ಒಂದು ಸಂಗತಿಯನ್ನು ಅಪ್ಪಯ್ಯನಿಗೆ ಎಂದೂ ಹೇಳಿಲ್ಲ. ಇಳಿಯುವಾಗ ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪ ಸಾಲಾಗಿ ಕಾಣುತ್ತವೆ. ನಾವು ಸರಿಯಾದ ಇಳಿಜಾರಿನಲ್ಲಿದ್ದರೆ ಎರಡು ಬಿಳಿ, ಎರಡು ಕೆಂಪು. ಮೇಲಿದ್ದರೆ ಬಿಳಿ ಹೆಚ್ಚುತ್ತದೆ, ತಗ್ಗಿದ್ದರೆ ಕೆಂಪು. ದೀಪ ಬದಲಾಗುವುದಿಲ್ಲ, ಬದಲಾಗುವುದು ನಾವು ನಿಂತ ಜಾಗ. ಇನ್ನೂರು ಜನ ಹಿಂದೆ ಕೂತಿರುತ್ತಾರೆ. ನಾನು ಆ ನಾಲ್ಕು ಚುಕ್ಕಿಗಳನ್ನು ನೋಡುತ್ತ ಬರುತ್ತೇನೆ. ಎಷ್ಟು ಸಲ ಇಳಿದರೂ ಎರಡು ಬಿಳಿ ಎರಡು ಕೆಂಪು ಕಂಡ ಕ್ಷಣ ಒಳಗೆ ಏನೋ ತಲೆಬಾಗುತ್ತದೆ.

ಇಲ್ಲಿಗೇ ಬರಬೇಕು ಅನಿಸುತ್ತಿದೆ. ಒಂಬತ್ತು ಲಕ್ಷದ ದಾರಿ ಮಾತ್ರ ಕಾಣುತ್ತಿಲ್ಲ. ಫ್ಲೈಯಿಂಗ್ ಸ್ಕೂಲಿನ ಸಾಲವೇ ಇನ್ನೂ ಇದೆ, ಬ್ಯಾಂಕು ಮತ್ತೆ ಕೊಡುವುದಿಲ್ಲ.

ನಿನ್ನ
ನವ್ಯ

*

ಕಿರಿಮಂಜೇಶ್ವರ
3 ಅಕ್ಟೋಬರ್ 2024

ನವ್ಯ,

ನಾಲ್ಕು ದೀಪದ ಸಾಲುಗಳನ್ನು ಇವರು ನನ್ನಿಂದ ಮೂರು ಸಲ ಓದಿಸಿದರು. ಆಮೇಲೆ ಬಲೆ ಬದಿಗಿಟ್ಟು, ಅಪರೂಪಕ್ಕೆ ಬಾಯಿಬಿಟ್ಟು ನಕ್ಕರು.

"ಹಾಂಗಾರೆ ಅವ್ಳಿಗೂ ಗುರ್ತ್ ಇತ್ತ್."

ಗುರುತು ಎಂಬ ಮಾತು ಈ ಮನೆಯೊಳಗೆ ಅವರ ಬಾಯಲ್ಲಿ ಬಂದದ್ದು ನಾನು ಕೇಳಿದ್ದು ಅದೇ ಮೊದಲು. ನಿನಗೆ ಎಷ್ಟು ಗೊತ್ತೋ ತಿಳಿಯದು. ಕಡಲಡಿಯಲ್ಲಿ ಒಂದು ಬಂಡೆಯಿದೆ, ಅಲ್ಲಿ ಮುರು ಮೀನು ನಿಲ್ಲುತ್ತದೆ. ಅದಕ್ಕೆ ಊರಲ್ಲಿ ಇವರ ಹೆಸರಿನಲ್ಲೇ ಮುತ್ತನ ಕಲ್ಲು ಎನ್ನುತ್ತಾರೆ. ಎಲ್ಲಿದೆ ಎಂದು ಮುತ್ತನಿಗೆ ಮಾತ್ರ ಗೊತ್ತು. ನೀರಿನ ಮೇಲೆ ನಿಂತು ನೆಲದ ಎರಡು ವಸ್ತುಗಳನ್ನು ಒಂದರ ಹಿಂದೆ ಒಂದು ಬರುವಂತೆ ಹಿಡಿದರೆ ಒಂದು ಗೆರೆ. ಅಂಥ ಎರಡು ಗೆರೆ ಕೂಡುವ ಕಡೆ ಕಲ್ಲು. ಅದೇ ಗುರುತು. ತಂದೆ ಮಗನ ಕೈಗೆ ಚುಕ್ಕಾಣಿ ಕೊಡುವ ದಿನ, ಕಡಲ ಮೇಲೆಯೇ ಹೇಳುತ್ತಾನೆ. ನೆಲದ ಮೇಲೆ ಹೇಳುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ. ಈಗ ಎಲ್ಲರ ದೋಣಿಯಲ್ಲೂ ಜಿಪಿಎಸ್ ಇದೆ, ಗುಂಡಿ ಒತ್ತಿದರೆ ಜಾಗ ಉಳಿಯುತ್ತದೆ, ಫೋನಿನಲ್ಲಿ ಹತ್ತು ಜನಕ್ಕೆ ಹೋಗುತ್ತದೆ. ಹಾಗಾಗಿಯೇ ಇವರು ಗೋಪಿಗೂ ತೋರಿಸಲಿಲ್ಲ.

ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಭಾನುವಾರ ಗಂಗೊಳ್ಳಿಯ ಭೋಜರಾಜ ಕಾರಿನಲ್ಲಿ ಬಂದಿದ್ದ. ಮೂರು ದೊಡ್ಡ ಬೋಟುಗಳ ಯಜಮಾನ, ಗೊತ್ತಲ್ಲ. ಇಪ್ಪತ್ತು ವರ್ಷದಿಂದ ಆ ಕಲ್ಲನ್ನು ಕೇಳುತ್ತಿದ್ದವನು. ನನ್ನನ್ನು ಚಹಾಕ್ಕೆ ಒಳಗೆ ಕಳಿಸಿದರು. ಹೊರಗೆ ಬಂದಾಗ ಮಾತು ನಿಂತಿತ್ತು.

"ಅಕ್ಕ, ನಿಮ್ಮ್ ಮಗ್ಳ್ ಹಾರುದೇ ಸೈ, ನಾವ್ ಮುಳ್ಗುದೇ ಸೈ," ಎಂದು ನಗುತ್ತ ಚಹಾ ಕುಡಿದ.

ಅವನು ಹೋದ ಮೇಲೆ ಇವರು ಅಟ್ಟದಿಂದ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿದರು, ನೀರಿನ ಆಳ ನೋಡುವುದು. ನಾಲ್ಕು ವರ್ಷದ ಧೂಳು ಒರೆಸಿದರು. ಏನೆಂದು ನಾನು ಕೇಳಲಿಲ್ಲ. ನಿನಗೂ ಬರೆಯಬಾರದಿತ್ತೇನೋ.

ಅಮ್ಮ

*

ಕಿರಿಮಂಜೇಶ್ವರ
17 ಅಕ್ಟೋಬರ್ 2024

ನವ್ಯ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಭೋಜರಾಜ ನಿನ್ನ ಒಂಬತ್ತು ಲಕ್ಷ ಕೊಡುವುದು, ಇವರು ಕಲ್ಲು ತೋರಿಸುವುದು, ಹೀಗೆ ಮಾತಾಗಿತ್ತು. ಇದು ನನಗೆ ಗೊತ್ತಾದದ್ದು ಊರಿಗೆಲ್ಲ ಗೊತ್ತಾದ ಮೇಲೆ. ನೀರೊಳಗಿನ ಒಂದು ಬಂಡೆಗೆ ಅಷ್ಟು ಬೆಲೆ ಇದೆಯೆಂದು ಇಪ್ಪತ್ತೊಂಬತ್ತು ವರ್ಷ ಆ ಮನುಷ್ಯನ ಪಕ್ಕ ಮಲಗಿದವಳಿಗೆ ಗೊತ್ತಿರಲಿಲ್ಲ. ಬ್ಯಾಂಕು ಕೊಡದದ್ದನ್ನು ತಾನು ಕೊಡುತ್ತೇನೆ ಎಂದುಕೊಂಡಿದ್ದರು.

ಮೊನ್ನೆ ಬೆಳಿಗ್ಗೆ ಕೋಡೇರಿ ಬಂದರಿನಿಂದ ಹೊರಟರು. ಇವರು, ಗೋಪಿ, ಭೋಜರಾಜ, ಅವನ ಜಿಪಿಎಸ್. ಮಳೆ ಬಿಟ್ಟ ಆಕಾಶ, ಕೊಡಚಾದ್ರಿ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಮುಂದಿನದು ಗೋಪಿ ಹೇಳಿದ್ದು. ಒಂದು ಗೆರೆ ಸುಲಭವಾಗಿ ಸಿಕ್ಕಿತು. ಎರಡನೆಯದಕ್ಕೆ ಇವರು ದಂಡೆಯ ಒಂದು ತಾಳೆಮರವನ್ನು ಹುಡುಕಿದರು. ಮರವೇ ಇರಲಿಲ್ಲ. ಹೆದ್ದಾರಿಗೆ ಮಣ್ಣು ಸಾಗಿಸಲು ದಾರಿ ಮಾಡುವಾಗ ಕಡಿದುಹಾಕಿ ಎಷ್ಟೋ ಕಾಲವಾಗಿತ್ತು. ದಡದಲ್ಲೇ ಇದ್ದು ನಾವು ಯಾರೂ ಗಮನಿಸಿರಲಿಲ್ಲ, ನೀರಿನಿಂದ ನೋಡುವವನಿಗೆ ಮಾತ್ರ ಅದು ಬೇಕಾಗಿತ್ತು.

ಇವರು ಎಂಜಿನ್ ನಿಲ್ಲಿಸಲು ಹೇಳಿದರು. ಹುಟ್ಟನ್ನು ನೀರಿಗೆ ಇಳಿಸಿ, ಹಿಡಿಗೆ ಕಿವಿ ಇಟ್ಟು ಕೂತರು. ಸೀಸದ ಗುಂಡು ಇಳಿಬಿಟ್ಟರು, ಎತ್ತಿದರು. ಸ್ವಲ್ಪ ಜರುಗಲು ಹೇಳಿ ಮತ್ತೆ ಕಿವಿ ಇಟ್ಟರು. ಒಂದು ಕಡೆ ಬಹಳ ಹೊತ್ತು ಸುಮ್ಮನೆ ದಂಡೆಯನ್ನೇ ನೋಡುತ್ತ ಕೂತರಂತೆ, ಬುದ್ಧಿ ಮಂಕಾದವರ ಹಾಗೆ.

"ಎಂತ ಮಾವ, ಫೋನ್ ಬಂತಾ ಕೆಳ್ಗಿಂದ?" ಎಂದು ಗೋಪಿ ನಗಾಡಿದ. ಈಗ ಅದಕ್ಕೆ ಅವನಿಗೇ ಬೇಸರ.

ಭೋಜರಾಜ ಜಿಪಿಎಸ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದ. ಕೊನೆಗೆ ಇವರು, "ಸಿಕ್ಕುದಿಲ್ಲ ಮರಾಯಾ. ಮರ ಹೋಯ್ತ್, ಕಲ್ಲೂ ಹೋಯ್ತ್. ಹಿಂದೆ ಹೋಪ," ಎಂದರು.

ಕೋಡೇರಿಯ ಬಂದರಿನಲ್ಲಿ ಈಗ ಇದೇ ಮಾತು. ಮುತ್ತನಿಗೆ ಮುತ್ತನ ಕಲ್ಲೇ ಮರೆತುಹೋಯಿತಂತೆ. ಮೀನು ಹೊರುವ ಸರೋಜ ನನ್ನ ಮುಖ ಕಂಡು ಬುಟ್ಟಿಯ ಕಡೆ ತಿರುಗಿದಳು. ಇವರು ಎರಡು ದಿನದಿಂದ ಜಗಲಿಗೆ ಬಂದಿಲ್ಲ, ಒಳಗೆ ಕೂತು ಬಲೆ ಕಟ್ಟುತ್ತಾರೆ. ಮೊಹರು ಒತ್ತುವ ಸದ್ದೊಂದೇ ನನಗೆ ಈಗ ಸಮಾಧಾನ.

ಅಮ್ಮ

*

ಮುಂಬೈ
26 ಅಕ್ಟೋಬರ್ 2024

ಅಮ್ಮ,

ನಾನು ಆ ಪತ್ರದಲ್ಲಿ ಒಂಬತ್ತು ಲಕ್ಷ ಎಂದು ಬರೆಯಬಾರದಿತ್ತು.

ಎರಡು ಕಡೆಗೂ ಇಲ್ಲ ಎಂದು ಬರೆಯುತ್ತೇನೆ. ನೋಟ್‌ಬುಕ್ಕಿನ ಪುಟಗಳನ್ನು ಹರಿದೆ. ಬಾಡಿಗೆ, ಅಕ್ಕಿ, ಮೀನು, ಕೂದಲು ಎಲ್ಲ ಬರೆದಿದ್ದೆ. ಅಪ್ಪಯ್ಯನ ಮುಖದ ಖರ್ಚನ್ನು ಯಾವ ಸಾಲಿನಲ್ಲೂ ಬರೆದಿರಲಿಲ್ಲ.

ಅವರಿಗೆ ಹೇಳು: ಮರೆತರೆ ಏನೂ ಆಗುವುದಿಲ್ಲ. ಇಲ್ಲ, ಹಾಗೆ ಹೇಳಬೇಡ. ಏನೂ ಹೇಳಬೇಡ.

ನವ್ಯ

*

ಕಿರಿಮಂಜೇಶ್ವರ
3 ನವೆಂಬರ್ 2024

ಮಗಳು ನವ್ಯಶ್ರೀಗೆ ಅಪ್ಪಯ್ಯ ಬರೆಯುವುದು.

ನಾನು ಕಾಗದ ಬರೆದು ಅಭ್ಯಾಸವಿಲ್ಲ. ಏಳನೆಯ ಕ್ಲಾಸಿನ ಅಕ್ಷರ, ತಾಳಿಕೊಂಡು ಓದು. ಇದು ನಿನ್ನ ಅಮ್ಮನ ಕೈಯಿಂದಲೇ ಬರುತ್ತದೆ. ಅವಳು ಒಡೆಯುವುದಿಲ್ಲ.

ಕಲ್ಲು ಸಿಕ್ಕಿತ್ತು.

ಹುಟ್ಟಿನ ಹಿಡಿಗೆ ಕಿವಿ ಇಟ್ಟರೆ ಕಡಲಡಿಯ ಸದ್ದು ಮರದಲ್ಲಿ ಹತ್ತಿ ಬರುತ್ತದೆ. ಮರಳಿನ ಮೇಲೆ ಏನೂ ಕೇಳುವುದಿಲ್ಲ. ಕಲ್ಲಿನ ಮೇಲೆ ಬಂದರೆ ಬಾಣಲೆಯಲ್ಲಿ ಅಕ್ಕಿ ಹುರಿದ ಹಾಗೆ ಚಟಪಟ, ಸಣ್ಣ ಜೀವಗಳದು. ನನ್ನ ಅಪ್ಪ ತೋರಿಸಿದ್ದು. ಎಂಜಿನ್ ಬಂದ ಮೇಲೆ ಯಾರೂ ಕಿವಿ ಇಡುವುದಿಲ್ಲ. ನಾನೂ ಮೂವತ್ತು ವರ್ಷದಿಂದ ಇಟ್ಟಿರಲಿಲ್ಲ. ಮರ ಕಾಣದಾಗ ಕಿವಿ ಇಟ್ಟೆ. ಎರಡನೆಯ ಕಡೆ ಕೇಳಿತು. ಅದೇ ಸದ್ದು. ನಾನು ಹುಡುಗನಾಗಿದ್ದಾಗ ಇದ್ದ ಸದ್ದು, ಒಂದು ಕಾಳೂ ಕಡಿಮೆಯಾಗಿಲ್ಲ. ಮೇಲೆ ಮರ ಹೋಗಿದೆ, ರಸ್ತೆ ಬಂದಿದೆ, ನನ್ನ ಕಾಲು ಹೋಗಿದೆ. ಕೆಳಗೆ ಅದಕ್ಕೆ ಯಾವುದೂ ಗೊತ್ತಿಲ್ಲ. ಗುಂಡಿನ ತಳಕ್ಕೆ ಸಾಬೂನು ಹಚ್ಚಿದ್ದೆ, ಎತ್ತಿದಾಗ ಅದಕ್ಕೆ ಆ ಬಂಡೆಯ ಕೆಂಪು ಹರಳು ಅಂಟಿತ್ತು. ಕೈಯಲ್ಲಿ ಮುಚ್ಚಿಕೊಂಡೆ.

ಭೋಜರಾಜನ ಬೆರಳು ಗುಂಡಿಯ ಮೇಲೆ ಇತ್ತು. ಹೂಂ ಎನ್ನಬೇಕು ಅಷ್ಟೆ. ಆಗ ನಿನ್ನ ನಾಲ್ಕು ದೀಪ ನೆನಪಾಯಿತು. ನೆಲ ನೋಡಿ ಜಾಗ ಹಿಡಿಯುವುದು ನಿನಗೆ ಬರುತ್ತದೆ. ಈ ಮನೆಯಲ್ಲಿ ಇನ್ನೊಬ್ಬರಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾರಲು ಹೊರಟಿದ್ದೆ.

ಬಹಳ ಹೊತ್ತು ದಂಡೆ ನೋಡುತ್ತ ಕೂತದ್ದು ಮಂಕು ಹಿಡಿದು ಅಲ್ಲ. ಹೋದ ಮರದ ಬದಲು ಇನ್ನೊಂದು ಗುರುತು ಬೇಕಿತ್ತು. ಸಿಕ್ಕಿತು. ಅದು ಮರವಲ್ಲ, ಯಾರೂ ಕಡಿಯಲಾರರು.

ಮೊದಲ ಗೆರೆಯ ಹಿಂದೆ ಕೊಡಚಾದ್ರಿ ಇದೆ, ಅದು ಇಲ್ಲಿಯ ಎಲ್ಲರಿಗೂ ಗೊತ್ತು. ಅದರ ಮುಂದೆ ಯಾವುದು ಬರಬೇಕು, ಎರಡನೆಯ ಗೆರೆ ಯಾವುದು ಎಂದು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಓದಿ ಮನಸ್ಸಿನಲ್ಲಿಟ್ಟು ಸುಟ್ಟುಬಿಡು. ನೆಲದ ಮೇಲೆ ಹೇಳುವ ಕ್ರಮವಿಲ್ಲ. ಕಾಗದದ ಕ್ರಮ ಹಿರಿಯರು ಹೇಳಿಲ್ಲ. ಕೆಂಪು ಹರಳು ಎರಡು ಇದರೊಳಗಿವೆ.

ಊರು ನಗುತ್ತದೆ. ನಗಲಿ. ಕಲ್ಲು ಇಲ್ಲ ಎಂದು ಅವರು ನಂಬಿದಷ್ಟು ದಿನ ಅದಕ್ಕೆ ಕ್ಷೇಮ.

ದುಡ್ಡು ನನ್ನಿಂದ ಆಗಲಿಲ್ಲ. ಮುಂಗಡ ತೆಗೆದುಕೊಂಡಿದ್ದೀಯ, ಈ ಹಂಗಾಮು ಆ ದೋಣಿಯಲ್ಲೇ ಮುಗಿಸು. ಆಮೇಲೆ ನೆಲ ಕಾಣುವ ಕಡೆ ಹೋಗು. ಅವರು ಕಾಯುತ್ತಾರೋ ಎಂದು ಕೇಳು. ಕೇಳುವುದರಲ್ಲಿ ತಪ್ಪಿಲ್ಲ.

ಅಮ್ಮನಿಗೆ ಇದು ತಿಳಿಯಬೇಕಾಗಿಲ್ಲ.

ಮುತ್ತ

*

ಮುಂಬೈ
19 ಜನವರಿ 2025

ಅಪ್ಪಯ್ಯ,

ಈ ಪತ್ರ ನಿಮಗೆ, ನಿಮಗೆ ಮಾತ್ರ. ಅಮ್ಮ ಮೊಹರು ಒತ್ತಿ ನಿಮ್ಮ ಕೈಗಿಡುವಾಗ ಅವಳ ಮುಖ ನೋಡಿ ನನಗೆ ಬರೆಯಿರಿ.

ಚೀಟಿ ಸುಟ್ಟೆ. ನಾಲ್ಕು ಸಾಲು ಬಾಯಿಪಾಠವಾಗಲು ಒಂದು ಸಲ ಓದಿದರೆ ಸಾಕಾಯಿತು. ಸುಡಲು ಮಾತ್ರ ಆರು ದಿನ ಹಿಡಿಯಿತು.

ಕೊಲ್ಲಿಗೆ ಇಲ್ಲ ಎಂದೆ. ಡಾ ನಾಂಗ್‌ನವರನ್ನು ನೀವು ಹೇಳಿದಂತೆ ಕೇಳಿದೆ: ಈ ಅಕ್ಟೋಬರ್‌ವರೆಗೆ ಮುಂಗಡ ತೀರಿಸುವುದಿದೆ, ಕಾಯುತ್ತೀರಾ. ಎರಡು ತಿಂಗಳು ಉತ್ತರವಿರಲಿಲ್ಲ. ಮೊನ್ನೆ ಬಂತು. ಕಾಯುತ್ತಾರಂತೆ, ಸಂಬಳ ಮೊದಲು ಹೇಳಿದಷ್ಟಿಲ್ಲ, ಹತ್ತು ದಿನದ ರಜೆ ಎಂಟಾಗಿದೆ. ಸಹಿ ಹಾಕಿದೆ.

ನಿನ್ನೆ ಬೆಳಿಗ್ಗೆ ಮಂಗಳೂರಿನಿಂದ ಮುಂಬೈಗೆ ನನ್ನ ಹಾರಾಟ. ಉತ್ತರಕ್ಕೆ ಹೋಗುವಾಗ ಬಲಗಡೆಯ ಕಿಟಕಿ ಪೂರ್ವಕ್ಕಿರುತ್ತದೆ, ಅದು ನನ್ನ ಕಿಟಕಿ. ನಮ್ಮ ದಾರಿ ಸಮುದ್ರದ ಮೇಲಿತ್ತು, ಗಾಳಿ ತಿಳಿಯಾಗಿತ್ತು. ಕುಂದಾಪುರದ ಹೊಳೆಗಳು ಬೆರಳು ಚಾಚಿದ ಹಾಗೆ ಕಂಡವು. ಆಮೇಲೆ ಮರವಂತೆ, ಆಮೇಲೆ ಕೊಡಚಾದ್ರಿ. ಅಷ್ಟು ಮೇಲಿನಿಂದ ಬೆಟ್ಟ ತಲೆ ಎತ್ತಿ ನಿಲ್ಲುವುದಿಲ್ಲ, ಹಾಸಿಗೆಯ ಸುಕ್ಕಿನಂತೆ ಮಲಗಿರುತ್ತದೆ. ಆದರೆ ಗೆರೆ ಗೆರೆಯೇ. ಚೀಟಿಯಲ್ಲಿದ್ದದ್ದು ನಿಧಾನವಾಗಿ ಜರುಗುತ್ತ ಬೆಟ್ಟದ ಮುಂದೆ ಬಂದು ನಿಂತಿತು. ನಾನು ಕುತ್ತಿಗೆ ತಿರುಗಿಸಿದೆ. ಎರಡನೆಯದೂ ಕೂಡಿತ್ತು.

ನಾಲ್ಕು ಸೆಕೆಂಡು ಇದ್ದಿರಬೇಕು. ಕೆಳಗೆ ಬರೀ ನೀಲಿ. ದೋಣಿಯಿಲ್ಲ, ನೊರೆಯಿಲ್ಲ, ಏನೂ ಇಲ್ಲವೆಂಬಂಥ ನೀರು. ಕಿವಿಗೆ ಹೆಡ್‌ಫೋನು, ಎರಡು ಎಂಜಿನ್ನಿನ ಸದ್ದು. ಆದರೂ ಅಕ್ಕಿ ಹುರಿಯುತ್ತಿದೆ ಎಂದು ನನಗೆ ಗೊತ್ತಿತ್ತು. ನೂರೆಂಬತ್ತು ಜನರನ್ನು ಹಿಂದೆ ಕೂರಿಸಿಕೊಂಡು ಅದರ ಮೇಲೆ ದಾಟಿದೆ, ಒಬ್ಬರಿಗೂ ತಿಳಿಯಲಿಲ್ಲ.

ಕ್ಯಾಪ್ಟನ್ ಎಡಗಡೆ ಕೂತಿದ್ದರು, ಅವರ ಕಿಟಕಿಯಲ್ಲಿ ಬರೀ ಕಡಲು. "ಏನು ಅಷ್ಟೊಂದು ನೋಡುತ್ತಿದ್ದೀ?" ಎಂದು ಕೇಳಿದರು.

ಎದುರಿನ ಪರದೆಯಲ್ಲಿ ನಾವಿರುವ ಜಾಗ ಅಕ್ಷಾಂಶ ರೇಖಾಂಶದ ಸಮೇತ ಮಿನುಗುತ್ತಿತ್ತು. ಒಂದು ಗುಂಡಿ ಒತ್ತಿದ್ದರೆ ಉಳಿಯುತ್ತಿತ್ತು.

ಕೈ ತೊಡೆಯ ಮೇಲಿಟ್ಟುಕೊಂಡೆ. "ಏನಿಲ್ಲ ಸರ್," ಎಂದೆ.

ನಿಮ್ಮ
ನವ್ಯಶ್ರೀ